ಮಂಜಿನ ಕೆರೆಯಲ್ಲಿ

ಸಿಗ್ರಿಡ್ ಮರಿ,

ನನ್ನ ಹಾಸಿಗೆ ಖಾಲಿಯಿದೆಯೆಂದು ಗಾಬರಿಯಾಗಬೇಡ. ಪಕ್ಕದ ಮನೆಯ ವರ್ನಾ ಜೊತೆ ಕೆರೆಗೆ ಹೋಗಿದ್ದೇನೆ. ಪ್ಯಾನ್‌ಕೇಕ್ ಹಿಟ್ಟು ಫ್ರಿಜ್ಜಿನಲ್ಲಿದೆ. ಮಹಾರಾಣಿ, ಇವತ್ತಾದರೂ ಮರೆಯದೆ ನಾಯಿಯನ್ನು ಹೊರಗೆ ಬಿಡು.

ನಿನ್ನಪ್ಪ ಆ ನೀರಿನಲ್ಲಿ ಮುಳುಗಿಹೋದ ಮೇಲೆ ನಾನು ದಡ ತುಳಿದವಳಲ್ಲ, ನಿನ್ನನ್ನೂ ಅಲ್ಲಿಗೆ ಹೋಗಲು ಬಿಟ್ಟವಳಲ್ಲ. ನಿನ್ನೆ ಬೆಳಿಗ್ಗೆ ವರ್ನಾ ಕೈಹಿಡಿದು ಇಳಿಸಿದಳು.

"ಭಯ ಆಗುತ್ತೆ ಕಣೇ" ಅಂದೆ.

"ಆಗ್ಲಿ ಬಿಡು, ಅದನ್ನೂ ಕರ್ಕೊಂಡೇ ಬಾ" ಅಂದಳು.

ಅಂಗಾತ ತೇಲಿದೆ. ಮೇಲೆ ಮಂಜು, ಕೆಳಗೆ ನೀರು, ಎಲ್ಲೋ ದೂರದಲ್ಲಿ ಒಂದು ಹಕ್ಕಿ ಕೂಗುತ್ತಿತ್ತು. ನಿನ್ನಪ್ಪನ ತೋಳಿನ ಮೇಲೆ ಮಲಗಿದಂತಿತ್ತು. ಅಳು ಬರಲಿಲ್ಲ, ನಿದ್ದೆ ಬರುವಂತಾಯಿತು.

ತಿಂಡಿ ತಿಂದು ನೀನೂ ಬಾ. ಬೀರುವಿನ ಹಿಂದೆ ಈಜುಡುಗೆ ಬಚ್ಚಿಟ್ಟಿರುವುದು ನನಗೆ ಗೊತ್ತಿಲ್ಲವೆಂದುಕೊಂಡೆಯಾ? ಅದನ್ನೇ ತೊಟ್ಟುಕೊಂಡು ಬಾ.

ಅಮ್ಮ