ಸಿಹಿಯಿಲ್ಲದ ದ್ರಾಕ್ಷಿರಸ

ನಂಜನಗೂಡು
ಬುಧವಾರ, ೧೨-೬-೨೦೨೪

ನನ್ನ ಬಿಂದೂ,

ಫೋನಿದ್ದೂ ಅವ್ವ ಕಾಗದ ಬರೆದಳಲ್ಲ ಎಂದು ನಗಬೇಡ ಕಂದ. ಮನೆಯ ಒಂದೇ ಫೋನು ನಿಮ್ಮಪ್ಪಾಜಿಯ ಜೇಬಿನಲ್ಲಿರುತ್ತದೆ, ಇದು ಅದರಲ್ಲಿ ಆಡುವ ಮಾತಲ್ಲ.

ಮೊದಲು ಸಂತೋಷದ ವಿಷಯ. ಭಾನುವಾರ ಅಪ್ಪಾಜಿ ತೋಟಕ್ಕೆ ಹೋಗಿದ್ದಾಗ ನೀನು ರುಚಿ ತೋರಿಸಿದ ಫ್ರಾನ್ಸಿನ ಬಿಳಿ ವೈನು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ದ್ರಾಕ್ಷಿಯದು ಅಂದಮೇಲೆ ಸಿಹಿ ಇರಬೇಕು ಅಂದುಕೊಂಡಿದ್ದೆ, ಎಳ್ಳಷ್ಟೂ ಇಲ್ಲ! ಸಕ್ಕರೆಯೆಲ್ಲ ಹುಳಿತು ಮುಗಿಯುವವರೆಗೆ ಬಿಡುತ್ತಾರೆ, ಅದಕ್ಕೇ ಡ್ರೈ ಅನ್ನುವುದು ಎಂದು ನೀನು ಹೇಳಿದೆ. ಸೊವಿನ್ಯೋಂ ಬ್ಲಾಂ ಎಂಬ ಆ ದ್ರಾಕ್ಷಿಯ ಹೆಸರು ನನ್ನ ಬಾಯಲ್ಲಿ ಹೊರಳಲು ಹತ್ತು ಸಲ ಬೇಕಾಯಿತು. ವಾಸನೆ ಮಾತ್ರ ಒಂದೇ ಸಲಕ್ಕೆ ಸಿಕ್ಕಿತು. ಆಗತಾನೆ ಹೆಚ್ಚಿದ ಹೇರಳೆಕಾಯಿ ಸಿಪ್ಪೆ. ಅದರ ಹಿಂದೆ ಕೊಯ್ದ ಹಸಿ ಹುಲ್ಲು. ಕೊನೆಗೆ, ಬಿಸಿಲಿಗೆ ಕಾದ ಹೊಳೆ ಮೆಟ್ಟಿಲಿಗೆ ನೀರು ಚೆಲ್ಲಿದ ವಾಸನೆ. ಇದನ್ನು ಇನ್ನೊಂದು ದ್ರಾಕ್ಷಿ ಅಂದುಕೊಂಡು ಪ್ರತಿಸಲ ತಪ್ಪುತ್ತೇನೆ ಎಂದು ಒದ್ದಾಡುತ್ತಿದ್ದೆಯಲ್ಲ, ಹೇರಳೆಕಾಯಿ ನೆನಪಿಟ್ಟುಕೋ. ಸೋಮವಾರದ ಪರೀಕ್ಷೆಯಲ್ಲಿ ಹೆಸರಿಲ್ಲದ ವೈನಿನ ಗ್ಲಾಸು ಎದುರಿಗಿಟ್ಟಾಗ ಧೈರ್ಯವಾಗಿ ಹೇಳು.

ಇನ್ನು ನನ್ನ ತಪ್ಪು. ಉಳಿದ ಬಾಟಲಿಯನ್ನು ನೀನು ಫ್ರಿಜ್ಜಿನಲ್ಲೇ ಮರೆತು ಹೋದೆ. ಮೊನ್ನೆ ಬೆಳಿಗ್ಗೆ ಅಪ್ಪಾಜಿ ಅದನ್ನು ನೋಡಿ ಏನಿದು ಎಂದರು. ಗಾಬರಿಯಲ್ಲಿ ದ್ರಾಕ್ಷಿ ರಸ ಅಂದುಬಿಟ್ಟೆ. ಮನೆಗೆ ಬಂದ ಹೊಸದು ಹಣ್ಣಾಗಲಿ ರಸವಾಗಲಿ, ಲಿಂಗಕ್ಕೆ ಅರ್ಪಿಸದೆ ಅವರು ಮುಟ್ಟುವುದಿಲ್ಲ, ನಿನಗೇ ಗೊತ್ತು. "ಒಂದ್ ಬಟ್ಲಿಗೆ ಬಗ್ಸು, ಪೂಜೆಗೆ ಕೂತ್ಕತ್ತೀನಿ" ಎಂದು ವಿಭೂತಿ ಧರಿಸಿ ಕೂತೇಬಿಟ್ಟರು. ಬಾಟಲಿ ತೆಗೆದವಳು ಬಗ್ಗಿಸದೆ ಕೆಳಗಿಟ್ಟೆ. ನಿಮ್ಮಪ್ಪನಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಬಲ್ಲೆ, ಅವರ ಅಂಗೈ ಮೇಲಿನ ಲಿಂಗಕ್ಕೆ ಹೇಗೆ ಹೇಳಲಿ? ಎಲ್ಲ ಒಪ್ಪಿಸಿದೆ. ನಾವು ಅವರಿಗೆ ಹೇಳಿಕೊಂಡು ಬಂದ ಹಾಗೆ ನೀನು ಮೈಸೂರಿನ ಹೋಟೆಲಿನಲ್ಲಿ ರೂಮು ಬರೆದುಕೊಡುವ ಕೆಲಸದಲ್ಲಿಲ್ಲ, ವೈನು ಆರಿಸಿ ಕೊಡುವವಳು, ಅದರದ್ದೇ ಪರೀಕ್ಷೆ ಕಟ್ಟಿದ್ದೀಯ ಎಂದೂ ಹೇಳಿದೆ.

ಬೈಯಲಿಲ್ಲ. "ಮಗ್ಳು ನಂಗೆ ಹೆದ್ರುಕಂಡು ಸುಳ್ ಹೇಳೋ ಹಂಗ್ ಮಾಡ್ಬುಟ್ನಾ ನಾನು?" ಎಂದರು, ಅಷ್ಟೇ. ಆ ಮಾತಿಗೆ ನನಗೆ ಅಳು ಬಂತು. ಪೂಜೆ ಮುಗಿಸಿ ಎದ್ದವರು ಬಾಟಲಿಯ ಬಿರಟೆ ತೆಗೆದು ಮೂಸಿದರು. ನಮ್ಮ ತೋಟದ ರಸಬಾಳೆಯೋ ತಿ. ನರಸೀಪುರದ ಕಡೆಯದೋ ಎಂದು ಹಣ್ಣು ಮೂಸಿ ಹೇಳುತ್ತಾರಲ್ಲ, ಹಾಗೇ, ಕಣ್ಣು ಮುಚ್ಚಿ. ಆಮೇಲೆ ಇದ್ದಲ್ಲೇ ಇಟ್ಟು ತೋಟಕ್ಕೆ ಹೋದರು.

ಎರಡು ದಿನವಾಯಿತು, ಆ ವಿಷಯ ಎತ್ತಿಲ್ಲ. ಕೆಲಸ ಬಿಡಿಸುತ್ತಾರೋ ಏನೋ ತಿಳಿಯದು. ಆದರೂ ನನ್ನ ಎದೆ ಹಗುರವಾಗಿದೆ, ಊಟ ನಿದ್ದೆ ಚೆನ್ನಾಗಿ ಹತ್ತುತ್ತಿದೆ. ಅವರು ಏನೇ ಅನ್ನಲಿ, ನೀನು ಪರೀಕ್ಷೆ ತಪ್ಪಿಸಬೇಡ. ಮನೆಯಲ್ಲಿ ನಾನಿದ್ದೇನೆ.

ನಿನ್ನ ಮೂಗಿನ ಮೇಲೆ ನಿನಗಿಂತ ಹೆಚ್ಚು ನಂಬಿಕೆಯಿರುವ,
ಅವ್ವ
ಕೋಮಲ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪಾಜಿ ಬಂದು ಕೈ ಚಾಚಿದರು. ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿ, ಇನ್ನೊಂದು ಸಾಲು ಬರಿ ಎಂದರು. ಅವರು ಹೇಳಿದಂತೆಯೇ ಬರೆಯುತ್ತಿದ್ದೇನೆ: "ಸೋಮ್ವಾರ ತಲೆಗೆ ಮಲ್ಗೆ ಮುಡ್ಕಂಡು ಹೋಗ್ಬ್ಯಾಡ ಅನ್ನು. ಗ್ಲಾಸಿನ್ ವಾಸ್ನೆ ತಿಳಿಯಾಕಿಲ್ಲ."