ಹಳೇ ಕೆಪಾಸಿಟರಿಗೆ ಹೊಸ ಅಂಗಿ

ಮಾರ್ಚ್ ೪, ಬೆಳಿಗ್ಗೆ

ಸ್ಪೀಕರ್ ಮಾಡುವ ವಿದೇಶಿ ಕಂಪನಿಯವರು ನನ್ನನ್ನು ಕರೆದೊಯ್ಯಲು ಮೂರು ಸಲ ವಿಮಾನ ಕಳಿಸಿದ್ದರು. ನಾನೇ ಹೋಗಲಿಲ್ಲ. ಚಪ್ಪಲಿ ಕಿತ್ತುಹೋಗಿತ್ತು.

ಇವತ್ತು ರಿಪೇರಿಗೆ ಬಂದದ್ದು ಅಣ್ಣನ ಮಗಳ ಡಾನ್ಸ್ ಕ್ಲಾಸಿನ ಜೋಡಿ ಸ್ಪೀಕರ್. ಬಿಚ್ಚಿದೆ. ಒಳಗೆ ಕ್ರಾಸ್‌ಓವರ್ — ದಪ್ಪ ಸದ್ದನ್ನು ದೊಡ್ಡ ಕೋನಿಗೂ ಕೀರಲು ಸದ್ದನ್ನು ಪುಟ್ಟ ಟ್ವೀಟರಿಗೂ ಹಂಚುವ ಬೋರ್ಡು. ಅದರ ಕೆಪಾಸಿಟರುಗಳು ಮುದಿಯಾಗಿ ಒಣಗಿವೆ. ಕಿತ್ತದ್ದಕ್ಕೆಲ್ಲ ಎಂದಿನಂತೆ ಹೆಂಡತಿಯ ನೇಲ್ ಪಾಲಿಶಿನ ಕೆಂಪು ಬೊಟ್ಟು — ಸತ್ತವು ಬದುಕಿದವುಗಳ ಜೊತೆ ಸೇರಬಾರದಲ್ಲ! ಆಮೇಲೆ ಡಬ್ಬಕ್ಕೆ. ತುಂಬಿದಾಗ ಬಾಮೈದ ಒಯ್ಯುತ್ತಾನೆ.

"ಸುಮ್ನೆ ಜಾಗ ತಿನ್ನುತ್ತೆ ಭಾವ, ನಾನು ಗುಜರಿಗೆ ಹಾಕ್ತೀನಿ."

ಅಪರಂಜಿ ಅವನು.

ಮಾರ್ಚ್ ೫

ಬಾಮೈದ ಹೊಸ ಕೆಪಾಸಿಟರ್ ತಂದ. ಹಡಗಿನಿಂದ ನೇರ ಇಳಿದದ್ದಂತೆ. ನೀಲಿ ಪ್ಲಾಸ್ಟಿಕ್ ಹೊದಿಕೆ, ಫಳಫಳ. ಮೀಟರ್ ಹಿಡಿದು ಪರೀಕ್ಷಿಸಲಿಲ್ಲ. ಮನೆಯವನ ಮಾಲಿಗೆ ಮೀಟರ್ ಹಿಡಿದರೆ ಅವನಿಗೆ ಅವಮಾನ. ನಾಲ್ಕು ಕೆಪಾಸಿಟರ್ ಬೆಸುಗೆ ಹಾಕಿ ಸ್ಪೀಕರ್ ಕಳಿಸಿದೆ.

ಇನ್ನೊಂದು ಮೂಟೆ ಬರಲಿದೆ, ನಾವಿಬ್ಬರೂ ತೆರೆಯುವ ಅಂಗಡಿಗೆ. ಮುಂಗಡ ಪೂರ್ತಿ ನನ್ನದು. ಬೋರ್ಡಲ್ಲಿ ಯಾರ ಹೆಸರು ಮೊದಲು?

"ನಿಮ್ದೇ ಭಾವ. ನಾನು ನಿಮ್ಮ ನೆರಳು."

ಎದೆ ಉಬ್ಬಿ ಅಂಗಿಯ ಗುಂಡಿ ಹಾರಿತು.

ಮಾರ್ಚ್ ೧೩

ಅಣ್ಣನ ಮಗಳು ಸ್ಪೀಕರ್ ವಾಪಸ್ ತಂದಳು.

"ಚಿಕ್ಕಪ್ಪ, ಕಂಬಳಿ ಹೊದ್ದು ಹಾಡಿದ ಹಾಗಿದೆ."

"ನಿನ್ನ ಕಿವಿ ತೊಳ್ಕೋ ಹೋಗು."

"ನೀವು ಮುಟ್ಟೋಕೆ ಮುಂಚೆನೇ ವಾಸಿ ಇತ್ತು."

ನನಗೇ!

ಅದೇ ದಿನ, ಸಂಜೆ

ಈಗ ಮೀಟರ್ ಹಿಡಿದೆ. ನಾಲ್ಕೂ ದಂಡ. ಬ್ಲೇಡಿನಿಂದ ನೀಲಿ ಹೊದಿಕೆ ಸೀಳಿದೆ. ಅಡಿಯಲ್ಲಿ ಇನ್ನೊಂದು, ಹಳೇದು. ಅದರ ಮೇಲೆ... ಕೆಂಪು ಬೊಟ್ಟು.

ನಾನಿಟ್ಟದ್ದು. ನಾನು ಎಸೆದದ್ದಕ್ಕೇ ಹೊಸ ಅಂಗಿ ತೊಡಿಸಿ ನನಗೇ ಮಾರಿದ್ದಾನೆ.

ಎರಡನೆಯದು ಸೀಳಿದೆ. ಬೊಟ್ಟು. ಮೂರನೆಯದಕ್ಕೆ ಕೈ ಬರಲಿಲ್ಲ.

ಮಾರ್ಚ್ ೧೪

ಫೋನ್ ಮಾಡಿದೆ. ನಕ್ಕ.

"ನಿಮ್ಮಂಥ ಪಂಡಿತರಿಗೇ ಗೊತ್ತಾಗ್ಲಿಲ್ಲ ಅಂದ್ರೆ ಗಿರಾಕಿಗೆ ಎಲ್ಲಿ ಗೊತ್ತಾಗುತ್ತೆ ಭಾವ?"

ಮುಂಗಡ ವಾಪಸ್ ಕೊಡು ಅಂದೆ. ಲೈನ್ ಕಟ್.

ಮಾರ್ಚ್ ೨೯

ಪೇಟೆಯಲ್ಲಿ ಅಂಗಡಿ ತೆರೆದಿದ್ದಾನೆ. ಬೋರ್ಡಲ್ಲಿ ಒಂದೇ ಹೆಸರು. ನೆರಳು ಎದ್ದು ನಡೆದುಬಿಟ್ಟಿತು.

ಹೆಂಡತಿ ಕೇಳಿದಳು, "ನನ್ನ ತಮ್ಮನಿಗೆ ಎಷ್ಟು ಕೊಟ್ಟಿದ್ರಿ?"

"ಐದು ಸಾವಿರ. ಬಿಡೇ, ನನಗದು ಟೀ ಕಾಸು."

ನಂಬಿದಳು. ತಮ್ಮನ ಪರವಾಗಿ ತಾನೇ ತಪ್ಪಾಯ್ತು ಅಂದಳು. ಅತ್ತಳು. ನೋಡಲಾಗದೆ ಎದ್ದು ಬಂದೆ.

ಇಲ್ಲಿ ಯಾರು ಓದುತ್ತಾರೆ... ಬರೆಯುತ್ತೇನೆ. ಐದಲ್ಲ. ಒಂದು ಲಕ್ಷ ಎಂಬತ್ತು ಸಾವಿರ. ಅದರಲ್ಲಿ ಮುಕ್ಕಾಲು, ಅವಳಿಗೆ ಹೇಳದೆ ಅಡವಿಟ್ಟ ಅವಳ ಬಳೆಯ—