ಯಾರ ಜೀಪೂ ಬೇಡ

ಭಾಲ್ಕಿ

ಯೇಸಪ್ಪಣ್ಣನಿಗೆ ತಂಗಿ ಹೆಲೆನಳ ವಂದನೆ.

ಮತದಾನಕ್ಕೆ, ದುಡಿಯಲು ಹೋದ ನಿಮ್ಮನ್ನೆಲ್ಲ ಹೈದರಾಬಾದಿನಿಂದ ಕರೆತರಲು ಎರಡೂ ಪಕ್ಷದವರು ಜೀಪು ಕಳಿಸುತ್ತಾರಂತೆ. ಇಲ್ಲಿ ನೀರಿನ ಸರದಿಯಲ್ಲಿ ನಿತ್ಯ ಯಾರಿಗೆ ಮತ ಹಾಕಬೇಕೆಂಬ ವಾದ.

"ಟ್ಯಾಂಕರ್ ತಂದವರಿಗೇ ಹಾಕೂಣ್ರಿ," ಎಂದ ನೆರೆಮನೆಯ ನರಸಿಂಗ.

"ಹೋದ ಬ್ಯಾಸಗಿ ಕೊಡಾ ಹೊತ್ತು ಸತ್ತೇವಿ. ಆಗ ಎಲ್ಲಿ ಹೋಗಿತ್ತೋ ನಿನ್ನ ಟ್ಯಾಂಕರ್?" ಎಂದಳು ಶಾಲುಬಾಯಿ.

ಹಿಂದಿನ ಚುನಾವಣೆಯಲ್ಲಿ ನಿನ್ನನ್ನು ಜೀಪಿನಲ್ಲಿ ತಂದವರು ಬೂತಿನ ಬಾಗಿಲವರೆಗೂ ಜೊತೆಗಿದ್ದರು. ಮರಳಿ ಬಿಡಲು ಯಾರೂ ಬರಲಿಲ್ಲ. ಹೊತ್ತಿಗೆ ಮರಳಲಾಗದೆ ನಿನ್ನ ಕೆಲಸ ಹೋಯಿತು. ಈಗ ನರಸಿಂಗ ಜೀಪಿನವರಿಗೆ ಕೊಡಲು ನಿನ್ನ ವಿಳಾಸ ಕೇಳಿಕೊಂಡು ಎರಡು ಸಲ ಬಂದ. ನಾನು ಕೊಟ್ಟಿಲ್ಲ.

ನೀನು ರೈಲಿಗೆ ಬಾ. ಸ್ಟೇಷನ್ನಿಗೆ ನಾನೇ ಬರುತ್ತೇನೆ. ಮರಳುವ ಟಿಕೆಟ್ಟನ್ನೂ ಅಲ್ಲೇ ತೆಗೆಸೋಣ. ಯಾರಿಗೆ ಹಾಕಬೇಕೆಂದು ಮಾತ್ರ ನನ್ನನ್ನು ಕೇಳಬೇಡ. ಇನ್ನೂ ಯಾರ ಮೇಲೂ ನಂಬಿಕೆ ಬಂದಿಲ್ಲ.

ನಿನ್ನ ದಾರಿ ಕಾಯುವ,
ಹೆಲೆನ